ತ್ಸೇರೆನ್ಸ್‌ಡೋರ್ಫಿನ ಉದ್ಯಾನ: ಕಲ್ಲಿಗೆ ಮರಳಿದ ಹೆಸರುಗಳು

ಬರ್ಲಿನ್ ನಗರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಬ್ರಾಂಡೆನ್‌ಬುರ್ಗ್ ಪ್ರಾಂತ್ಯದ ಮರಳುನೆಲದ ಕಾಡಿನ ನಡುವೆ, ಭಾರತೀಯರದೊಂದು ಸ್ಮಾರಕೋದ್ಯಾನವಿದೆ. ದಾಖಲೆಗಳಲ್ಲಿ ಅದರ ಹೆಸರು ತ್ಸೇರೆನ್ಸ್‌ಡೋರ್ಫ್ ಭಾರತೀಯ ಸಮಾಧಿಭೂಮಿ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸೆರೆಸಿಕ್ಕು, ಸೆರೆಯಲ್ಲಿಯೇ ತೀರಿಕೊಂಡ 206 ಮಂದಿಯ ಹೆಸರುಗಳು ಅಲ್ಲಿವೆ. ಹತ್ತಿರದ ಊರು ವ್ಯೂನ್ಸ್‌ಡೋರ್ಫ್; ಅದಕ್ಕೆ ಅಂಟಿಕೊಂಡಂತೆ ತ್ಸೊಸ್ಸೆನ್. ಈ ಎರಡು ಸಣ್ಣ ಊರುಗಳು ಇಪ್ಪತ್ತನೆಯ ಶತಮಾನದ ಯುದ್ಧಗಳನ್ನು ಕಂಡಷ್ಟು ಹತ್ತಿರದಿಂದ ಯೂರೋಪಿನ ದೊಡ್ಡ ನಗರಗಳೂ ಕಂಡಿರಲಾರವು. ಕೈಸರನ ಕಾಲದಲ್ಲಿ ಅದು ಸೈನ್ಯದ ತರಬೇತಿ ಮೈದಾನ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನಾ ವರಿಷ್ಠರ ನೆಲಮಾಳಿಗೆಯ ಠಾಣೆ. ಆಮೇಲೆ ಪೂರ್ವ ಜರ್ಮನಿಯಲ್ಲಿ ನೆಲೆನಿಂತ ಸೋವಿಯತ್ ಪಡೆಗಳ ಪ್ರಧಾನ ಕಚೇರಿ. ಕೊನೆಯ ರಷ್ಯನ್ ಸೈನಿಕ ಅಲ್ಲಿಂದ ಹೊರಟದ್ದು 1994ರಲ್ಲಿ. 1998ರಲ್ಲಿ ವ್ಯೂನ್ಸ್‌ಡೋರ್ಫ್ ತನ್ನನ್ನು ‘ಪುಸ್ತಕಗಳ ಊರು’ ಎಂದು ಕರೆದುಕೊಂಡಿತು. ಸೇನೆಯ ಕಟ್ಟಡಗಳಲ್ಲಿ ಹಳೆಯ ಪುಸ್ತಕಗಳ ಅಂಗಡಿಗಳು ತೆರೆದುಕೊಂಡವು. ಕೋವಿಗಳಿದ್ದ ಕೊಠಡಿಗೆ ಪುಸ್ತಕ ಬಂದದ್ದು ಸಂತೋಷವೇ. ಆದರೆ ಆ ಊರಿನ ಅತ್ಯಂತ ವಿಚಿತ್ರವಾದ ಪಠ್ಯ ಅಂಗಡಿಗಳಲ್ಲಿಲ್ಲ, ಕಾಡಿನ ನಡುವೆ ಸಾಲುಗಟ್ಟಿ ನಿಂತಿದೆ.

ಈ ಸಿಪಾಯಿಗಳು ಅಲ್ಲಿಗೆ ಬಂದ ದಾರಿ ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸದಲ್ಲ. 1914ರ ಸೆಪ್ಟೆಂಬರ್ ಕೊನೆಯಲ್ಲಿ ಲಾಹೋರ್ ಮತ್ತು ಮೀರತ್ ವಿಭಾಗಗಳ ಪಡೆಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯತೊಡಗಿದವು. ಕೆಲವೇ ವಾರಗಳಲ್ಲಿ ಅವರನ್ನು ಕೆಸರು ತುಂಬಿದ ಕಂದಕಗಳಿಗೆ ಇಳಿಸಲಾಯಿತು. ಡಿಸೆಂಬರಿನಲ್ಲಿ ಫೆಸ್ಟ್ಯೂಬೆರ್, ಜಿವಾಂಶಿ ಎಂಬ ಹಳ್ಳಿಗಳ ಬಳಿ ನಡೆದ ಕಾಳಗದಲ್ಲಿ ನೂರಾರು ಮಂದಿ ಜರ್ಮನರಿಗೆ ಸಿಕ್ಕಿಬಿದ್ದರು. ಪಂಜಾಬಿನ ಸಿಖ್ಖರು, ಮುಸಲ್ಮಾನರು, ಗಢವಾಲಿಗಳು, ನೇಪಾಳದ ಗೂರ್ಖರು, ಗಡಿನಾಡಿನ ಪಠಾಣರು ಹೀಗೆ ಕೈಸೆರೆಯಾದರು. 1915ರ ಕೊನೆಯ ಹೊತ್ತಿಗೆ ಭಾರತದ ಕಾಲಾಳು ಪಡೆಗಳನ್ನು ಫ್ರಾನ್ಸಿನಿಂದ ಮೆಸೊಪೊಟೇಮಿಯಾಕ್ಕೆ ಸಾಗಿಸಲಾಯಿತು. ಸೆರೆಯಾದವರು ಮಾತ್ರ ಬ್ರಾಂಡೆನ್‌ಬುರ್ಗಿನ ಮರಳಿನಲ್ಲಿ ಉಳಿದರು.

ಅವರನ್ನು ಇರಿಸಿದ ಶಿಬಿರದ ಹೆಸರು ‘ಹಾಲ್ಬ್‌ಮೋಂಡ್‌ಲಾಗರ್’, ಅಂದರೆ ಅರ್ಧಚಂದ್ರ ಶಿಬಿರ. ನಾಲ್ಕೈದು ಸಾವಿರ ಜನ ಹಿಡಿಸುವ ಈ ಶಿಬಿರ ಸಾಮಾನ್ಯವಾದ ಸೆರೆಮನೆಯಾಗಿರಲಿಲ್ಲ. ಬ್ರಿಟನ್ ಮತ್ತು ಫ್ರಾನ್ಸುಗಳ ವಸಾಹತುಗಳಿಂದ ಬಂದ ಮುಸಲ್ಮಾನ ಸೈನಿಕರನ್ನು ಒಲಿಸಿಕೊಂಡು, ತುರ್ಕಿ ಸುಲ್ತಾನನು ಸಾರಿದ ಧರ್ಮಯುದ್ಧಕ್ಕೆ ಅವರನ್ನು ತಿರುಗಿಸಬೇಕೆಂಬುದು ಜರ್ಮನ್ ವಿದೇಶಾಂಗ ಇಲಾಖೆಯ ಯೋಜನೆ. ಮಾಕ್ಸ್ ಫೊನ್ ಒಪ್ಪೆನ್‌ಹೈಮ್ ಎಂಬ ಪ್ರಾಚ್ಯವಸ್ತು ಸಂಶೋಧಕ ಅದರ ಹಿಂದಿನ ಬುದ್ಧಿ. 1915ರ ಜುಲೈ ತಿಂಗಳಲ್ಲಿ ಶಿಬಿರದೊಳಗೆ ಗುಮ್ಮಟ, ಮಿನಾರುಗಳಿದ್ದ ಮರದ ಮಸೀದಿಯೊಂದು ಪ್ರಾರ್ಥನೆಗೆ ತೆರೆಯಿತು. ಪ್ರಾರ್ಥನೆಗೆಂದೇ ಜರ್ಮನ್ ನೆಲದಲ್ಲಿ ಎದ್ದ ಮೊದಲ ಮಸೀದಿ ಅದು. ಕಟ್ಟಿಸಿದವನು ಸೆರೆಗಾರ, ನಮಾಜು ಮಾಡಿದವನು ಸೆರೆಯಾಳು. ಕೈದಿಗಳಿಗಾಗಿ ‘ಎಲ್ ಡ್ಶಿಹಾದ್’ ಎಂಬ ಪತ್ರಿಕೆ ಹಲವು ಭಾಷೆಗಳಲ್ಲಿ ಹೊರಡುತ್ತಿತ್ತು. ಭಾರತೀಯರಿಗೆಂದು ಹಿಂದಿ, ಉರ್ದುಗಳಲ್ಲಿ ‘ಹಿಂದೋಸ್ತಾನ್’ ಎಂಬ ಪತ್ರಿಕೆಯಿತ್ತು. ಹಿಂದೂ ಮತ್ತು ಸಿಖ್ಖ್ ಕೈದಿಗಳನ್ನೂ ಈ ಜಾಲದೊಳಗೆ ತಂದದ್ದು ಬರ್ಲಿನ್ನಿನಲ್ಲಿ ನೆಲೆಸಿದ್ದ ಭಾರತೀಯ ಕ್ರಾಂತಿಕಾರಿಗಳ ಸಮಿತಿ. ಅದರ ಮುಂದಾಳುಗಳಲ್ಲಿ ಒಬ್ಬರು ವೀರೇಂದ್ರನಾಥ ಚಟ್ಟೋಪಾಧ್ಯಾಯ. ಸರೋಜಿನಿ ನಾಯ್ಡು ಅವರ ಸಹೋದರರಾದ ಇವರು ಮುಂದೆ ಮಂಗಳೂರಿನ ಮಗಳು ಕಮಲಾದೇವಿಯವರಿಗೆ ವರಸೆಯಲ್ಲಿ ಭಾವನಾದವರು. ಈ ಕ್ರಾಂತಿಕಾರಿಗಳು ಸಿಪಾಯಿಗಳಿಗೆ ಸ್ವಾತಂತ್ರ್ಯದ ಪಾಠ ಹೇಳಿದರು. ಸಿಪಾಯಿಗಳಲ್ಲಿ ಬಹುಮಂದಿ ಆ ಪಾಠವನ್ನು ಕೇಳಿಸಿಕೊಂಡರೇ ಹೊರತು ಅದರ ಹಿಂದೆ ಹೊರಡಲಿಲ್ಲ. ಉಪ್ಪುಂಡ ಮನೆಯ ಋಣ, ಊರಿನಲ್ಲಿರುವ ಸಂಸಾರದ ಚಿಂತೆ, ಸುಮ್ಮನೆ ಬದುಕಿ ಉಳಿಯಬೇಕೆಂಬ ಆಸೆ: ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತೆಂದು ಹೊರಗಿನವರು ತೂಗಿ ನೋಡುವುದು ಅನುಚಿತ.

ಚಳಿಯನ್ನು ಮಾತ್ರ ಯಾವ ಪ್ರಚಾರವೂ ತಡೆಯಲಿಲ್ಲ. ಕ್ಷಯ ಹಬ್ಬಿತು. 1917ರಲ್ಲಿ ಉಳಿದವರಲ್ಲಿ ಬಹುಪಾಲನ್ನು ಸ್ವಲ್ಪ ಹಿತವಾದ ಹವೆಯೆಂದು ರುಮೇನಿಯಾದ ಶಿಬಿರಕ್ಕೆ ಕಳುಹಿಸಿದರು. ಅಷ್ಟರೊಳಗೆ ತ್ಸೇರೆನ್ಸ್‌ಡೋರ್ಫಿನ ಮಣ್ಣಿಗೆ ಸೇರಿದವರು ಸೇರಿದ್ದರು. ಭಾರತೀಯರ ಪಕ್ಕದಲ್ಲಿಯೇ ಫ್ರೆಂಚ್ ಸೇನೆಯ ಉತ್ತರ ಆಫ್ರಿಕದವರು, ರಷ್ಯನ್ ಸೇನೆಯ ತಾತಾರರು ಮಣ್ಣಾದರು. ಮಸೀದಿ 1920ರ ದಶಕದಲ್ಲಿ ಶಿಥಿಲವಾಗಿ ನೆಲಸಮವಾಯಿತು. ಇಂದು ಅದರ ಕುರುಹಾಗಿ ವ್ಯೂನ್ಸ್‌ಡೋರ್ಫಿನಲ್ಲಿ ‘ಮಸೀದಿ ಬೀದಿ’ ಎಂಬ ಅರ್ಥದ ಒಂದು ಬೀದಿಯ ಹೆಸರು ಮಾತ್ರ ಇದೆ.

ಸತ್ತ ಸೈನಿಕರಿಗೆ ಉದ್ಯಾನ ಕಟ್ಟುವ ಕಲ್ಪನೆ ಬೇರೊಂದು ದಿಕ್ಕಿನಿಂದ ಬಂತು. 1917ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಸಾಮ್ರಾಜ್ಯ ಯುದ್ಧಸಮಾಧಿ ಆಯೋಗ ಸ್ಥಾಪನೆಯಾಯಿತು. ಮರುವರ್ಷ ಬ್ರಿಟಿಷ್ ಮ್ಯೂಸಿಯಮ್ಮಿನ ನಿರ್ದೇಶಕರಾಗಿದ್ದ ಸರ್ ಫ್ರೆಡರಿಕ್ ಕೆನ್ಯನ್ ಆ ಆಯೋಗಕ್ಕೆ ಒಂದು ವರದಿ ಬರೆದುಕೊಟ್ಟರು. ಕೆನ್ಯನ್ ವೃತ್ತಿಯಿಂದ ಗ್ರಂಥಸಂಪಾದಕರು. ಗ್ರೀಕ್ ಪಪೈರಸ್ ಓಲೆಗಳನ್ನು ಓದಿ ಪಾಠ ನಿರ್ಣಯಿಸಿದ ವಿದ್ವಾಂಸರು. ಅವರ ವರದಿಯ ಸಾರ ಇಷ್ಟು: ಸೇನಾಧಿಪತಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು, ಕಲ್ಲಿನ ಮೇಲೆ ಹೆಸರು, ಪಡೆ, ಮರಣದ ದಿನ ಮತ್ತು ಅವನವನ ಧರ್ಮಕ್ಕೆ ಒಪ್ಪುವ ಗುರುತು. ಎತ್ತರ 81 ಸೆಂಟಿಮೀಟರ್, ಅಗಲ 38. ಹಣವಿದ್ದವನ ಮಗನಿಗೆ ಅಮೃತಶಿಲೆಯ ಮಂಟಪ, ಬಡವನ ಮಗನಿಗೆ ಮರದ ಹಲಗೆ ಎಂಬ ಭೇದ ಕೂಡದು. ಇಂಗ್ಲೆಂಡಿನಲ್ಲಿ ಇದಕ್ಕೆ ಕಡುವಿರೋಧವೂ ಬಂತು. ತಮ್ಮ ಮಗನ ಸಮಾಧಿ ತಮ್ಮ ಇಷ್ಟದಂತಿರಬೇಕೆಂದು ಹೆತ್ತವರು ಕೇಳಿದ್ದು ಸಹಜವೇ. ಆಯೋಗ ಒಪ್ಪಲಿಲ್ಲ.

ಕಲ್ಲಿನಷ್ಟೇ ಯೋಚನೆ ಗಿಡಗಳ ವಿಷಯದಲ್ಲಿಯೂ ನಡೆಯಿತು. ಕ್ಯೂ ಸಸ್ಯೋದ್ಯಾನದ ಆರ್ಥರ್ ಹಿಲ್, ತೋಟಗಾರಿಕೆಯಲ್ಲಿ ಹೆಸರಾಂತ ಗರ್ಟ್ರೂಡ್ ಜೀಕಿಲ್ ಆಯೋಗಕ್ಕೆ ಸಲಹೆ ಕೊಟ್ಟರು. ಕಲ್ಲುಗಳ ಬುಡದುದ್ದಕ್ಕೂ ಕಿರಿದಾದ ಹೂಪಾತಿ ಇರಬೇಕು. ಅದರಲ್ಲಿ ಗಿಡ್ಡ ಗಿಡಗಳೇ ಇರಬೇಕು. ಕಾರಣ ಬಹಳ ಸರಳವಾದದ್ದು. ಬರಿಮಣ್ಣಿದ್ದರೆ ಮಳೆಹನಿ ಬಿದ್ದಾಗ ಕೆಸರು ಸಿಡಿದು ಕಲ್ಲಿಗೆ ಬಳಿದುಕೊಳ್ಳುತ್ತದೆ, ಅಕ್ಷರ ಮಾಸುತ್ತದೆ. ಗಿಡ ಎತ್ತರವಾದರೆ ಹೆಸರು ಮರೆಯಾಗುತ್ತದೆ. ಹೂವು ಇಲ್ಲಿ ಅಲಂಕಾರಕ್ಕಿಂತ ಹೆಚ್ಚಾಗಿ ಅಕ್ಷರದ ಕಾವಲು. ಇಡೀ ಉದ್ಯಾನದ ರಚನೆ ಒಂದು ಹೆಸರನ್ನು ಓದುವಂತೆ ಇಡುವುದಕ್ಕಾಗಿಯೇ ನಡೆಯುತ್ತದೆ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು.

ಈ ಕ್ರಮ ನಮ್ಮ ಕಲ್ಲುಗಳ ಸಂಪ್ರದಾಯಕ್ಕಿಂತ ಬೇರೆಯೇ. ಕನ್ನಡನಾಡಿನ ವೀರಗಲ್ಲು ಸಾವಿನ ಕಾರಣವನ್ನು ಹೇಳುತ್ತದೆ. ತುರುಗೊಳಿನಲ್ಲಿ ಸತ್ತವನು, ಊರಳಿವಿನಲ್ಲಿ ಸತ್ತವನು, ಪೆಣ್ಬುಯ್ಯಲಿನಲ್ಲಿ ಹೆಣ್ಣಿನ ಮಾನ ಕಾಯಲು ಹೋರಾಡಿ ಸತ್ತವನು ಎಂದು ವಿದ್ವಾಂಸರು ಅವನ್ನು ವಿಂಗಡಿಸಿದ್ದಾರೆ. ಆ ಕಲ್ಲುಗಳ ನಡುಪಟ್ಟಿಯಲ್ಲಿ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಸೆರೆಸಿಕ್ಕು ರೋಗದಿಂದ ಸತ್ತವನಿಗೆ ಈ ವಿಂಗಡಣೆಯಲ್ಲಿ ಮನೆಯಿಲ್ಲ. ಅವನ ಸಾವಿಗೆ ಕಾಳಗವಿಲ್ಲ, ಸಾಕ್ಷಿಯಿಲ್ಲ, ಊರವರ ಹೆಮ್ಮೆಯಿಲ್ಲ. ಯಾವ ಯುಗದ ಯಾವ ದೇಶದ ವೀರಗಾಥೆಯೂ ಸೆರೆಯಾಳಿನ ವಿಷಯದಲ್ಲಿ ಸ್ವಲ್ಪ ತೊದಲುತ್ತದೆ. ತ್ಸೇರೆನ್ಸ್‌ಡೋರ್ಫಿನ ಕಲ್ಲು ಅವನು ಹೇಗೆ ಸತ್ತನೆಂದು ಕೇಳುವುದಿಲ್ಲ. ಸಿಪಾಯಿಯೆಂದು, ಇಂಥ ಹೆಸರಿನವನೆಂದು ಅಷ್ಟೇ ಹೇಳುತ್ತದೆ. ಆ ಮೌನದಲ್ಲಿ ಒಂದು ದಾಕ್ಷಿಣ್ಯವಿದೆ.

ಹಾಗೆಂದು ಆಯೋಗದ ಸಮಾನತೆಯನ್ನು ಹಾಡಿ ಹೊಗಳುವಂತಿಲ್ಲ. ಯೂರೋಪಿನಲ್ಲಿ ಪಾಲಿಸಿದ ತತ್ತ್ವವನ್ನು ಅದು ಯೂರೋಪಿನ ಹೊರಗೆ ಪಾಲಿಸಲಿಲ್ಲ. ಇರಾಕಿನ ಬಸ್ರಾ ಸ್ಮಾರಕದ ಮೇಲೆ ಬ್ರಿಟಿಷರ ಹೆಸರುಗಳಿವೆ, ಭಾರತೀಯ ಅಧಿಕಾರಿಗಳ ಹೆಸರುಗಳಿವೆ. ಭಾರತದ ಸಾಮಾನ್ಯ ಸಿಪಾಯಿಗಳ ಸ್ಥಾನದಲ್ಲಿ ಪಡೆಯ ಹೆಸರು, ಅದರ ಮುಂದೆ ಒಂದು ಸಂಖ್ಯೆ. ಪೂರ್ವ ಆಫ್ರಿಕದಲ್ಲಿ ಇದಕ್ಕಿಂತಲೂ ಕಷ್ಟ. 2021ರ ಏಪ್ರಿಲ್‌ನಲ್ಲಿ ಆಯೋಗವೇ ನೇಮಿಸಿದ ವಿಶೇಷ ಸಮಿತಿಯ ವರದಿ ಇದನ್ನು ಒಪ್ಪಿಕೊಂಡಿತು. ಆಫ್ರಿಕ ಮತ್ತು ಏಷ್ಯಗಳ 45,000ದಿಂದ 54,000 ಮಂದಿಯ ಸ್ಮರಣೆ ಅಸಮಾನವಾಗಿ ನಡೆದಿದೆ. ಕನಿಷ್ಠ 1,16,000 ಮಂದಿಗೆ, ಪ್ರಾಯಶಃ 3,50,000 ಮಂದಿಗೆ, ಹೆಸರಿನ ಸ್ಮಾರಕವೇ ಇಲ್ಲ, ಅಥವಾ ಯಾವ ಸ್ಮಾರಕವೂ ಇಲ್ಲ ಎಂದು ಅದು ಲೆಕ್ಕ ಹಾಕಿತು. ಆ ಕಾಲದ ಅಧಿಕಾರಿಗಳಲ್ಲಿದ್ದ ಜನಾಂಗೀಯ ತಾತ್ಸಾರವೇ ಇದಕ್ಕೆ ಕಾರಣವೆಂದು ಮುಚ್ಚುಮರೆಯಿಲ್ಲದೆ ಬರೆಯಿತು.

ಈ ಹಿನ್ನೆಲೆಯಲ್ಲಿ ನೋಡಿದಾಗ ತ್ಸೇರೆನ್ಸ್‌ಡೋರ್ಫಿನ 206 ಹೆಸರುಗಳು ಒಂದು ವಕ್ರಸತ್ಯವನ್ನು ಎದುರಿಗಿಡುತ್ತವೆ. ಟೈಗ್ರಿಸ್ ನದಿಯ ದಂಡೆಯಲ್ಲಿ ಕೋವಿ ಹಿಡಿದೇ ಬಿದ್ದ ಸಿಪಾಯಿ ಸಂಖ್ಯೆಯಾದ. ಜರ್ಮನಿಯಲ್ಲಿ ಕೆಮ್ಮಿ ಸತ್ತ ಸೆರೆಯಾಳು ಹೆಸರಾಗಿ ಉಳಿದ. ಮೊದಲ ಕಾರಣ ಅವನು ಸತ್ತದ್ದು ಯೂರೋಪಿನ ನೆಲದಲ್ಲಿ ಎಂಬುದೇ. ಎರಡನೆಯದು, ಸೆರೆ ಎಂಬುದು ಕಾಗದವಿಲ್ಲದೆ ನಡೆಯದ ವ್ಯವಹಾರ. ಸೆರೆಹಿಡಿದವನು ಕೈದಿಯ ಹೆಸರು ಬರೆದುಕೊಳ್ಳುತ್ತಾನೆ, ಊಟಕ್ಕೆ ಲೆಕ್ಕವಿಡುತ್ತಾನೆ, ಸತ್ತರೆ ಶತ್ರುದೇಶಕ್ಕೆ ತಿಳಿಸುತ್ತಾನೆ. 1914ರಲ್ಲಿ ಜಿನೀವಾದಲ್ಲಿ ರೆಡ್ ಕ್ರಾಸ್ ತೆರೆದ ಯುದ್ಧಕೈದಿಗಳ ಕಚೇರಿ ಇಂಥ ಲಕ್ಷಾಂತರ ಹೆಸರುಗಳನ್ನು ಚೀಟಿಗಳಲ್ಲಿ ಬರೆದಿಟ್ಟಿತು. ಸ್ವತಂತ್ರನಾಗಿ ಸತ್ತವನ ಹೆಸರನ್ನು ಅವನದೇ ಸರ್ಕಾರ ಬರೆಯಲಿಲ್ಲ. ಸೆರೆಯಲ್ಲಿ ಸತ್ತವನ ಹೆಸರನ್ನು ಅವನ ಶತ್ರು ಬರೆದಿಟ್ಟ.

ಯುದ್ಧ ಮುಗಿದ ಮೇಲೆ, 1922–23ರ ಸುಮಾರಿಗೆ, ಜರ್ಮನಿಯ ನಾನಾ ಶಿಬಿರಗಳಲ್ಲಿ ಸತ್ತ ಬ್ರಿಟಿಷ್ ಸೇನೆಯವರ ಸಮಾಧಿಗಳನ್ನು ನಾಲ್ಕು ದೊಡ್ಡ ಸಮಾಧಿಭೂಮಿಗಳಿಗೆ ಒಟ್ಟುಗೂಡಿಸಲಾಯಿತು. ತ್ಸೇರೆನ್ಸ್‌ಡೋರ್ಫಿನ ಭಾರತೀಯರು ಇದ್ದಲ್ಲಿಯೇ ಉಳಿದರು. ಹಾಗೆ ಉಳಿದದ್ದೇ ಮುಂದೆ ಅವರಿಗೆ ಮುಳುವಾಯಿತು. ಎರಡನೆಯ ಯುದ್ಧದ ನಂತರ ಆ ಕಾಡು ಸೋವಿಯತ್ ಸೇನೆಯ ನಿಷೇಧಿತ ವಲಯದೊಳಗೆ ಬಿತ್ತು. ಸುತ್ತಲೂ ಸೇನೆಯ ಅಭ್ಯಾಸ ನಡೆಯುವ ಜಾಗಕ್ಕೆ ತೋಟಗಾರನನ್ನು ಬಿಡುವವರು ಯಾರು? ಹುಲ್ಲು ಬೆಳೆಯಿತು, ಹುಲ್ಲಿನ ಮೇಲೆ ಪೊದೆ, ಪೊದೆಯ ನಡುವೆ ಮರ. ಕಲ್ಲುಗಳು ಮುರಿದವು, ಕಾಣೆಯಾದವು. ಉದ್ಯಾನ ಕಾಡಾಗುವುದಕ್ಕೆ ದ್ವೇಷ ಬೇಕಿಲ್ಲ. ನಾಲ್ಕೈದು ಮಳೆಗಾಲ ಯಾರೂ ಬಾರದಿದ್ದರೆ ಸಾಕು. ಇಲ್ಲಿ ನಾಲ್ಕೈದು ದಶಕ ಯಾರೂ ಬರಲಿಲ್ಲ.

ಜರ್ಮನಿ ಒಂದಾಗಿ, ರಷ್ಯನ್ನರು ಹೊರಟ ಮೇಲೆ, ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ (1960ರಿಂದ ಅದಕ್ಕೆ ಈ ಹೆಸರು) ಮತ್ತೆ ಆ ಕಾಡಿನೊಳಗೆ ಕಾಲಿಟ್ಟಿತು. 2005ರ ಹೊತ್ತಿಗೆ ಜೀರ್ಣೋದ್ಧಾರ ಮುಗಿಯಿತು. ಈಗ ಅಲ್ಲಿ ಕಾಣುವುದು ಹುಲ್ಲುಹಾಸಿನ ನಡುವೆ ಬಿಳಿಯ ಕಲ್ಲುಗಳ ಸಾಲು, ಆಚೆಗೆ ಕಾಡು.

ಈ ಜೀರ್ಣೋದ್ಧಾರದಲ್ಲಿ ಹಿಂದಕ್ಕೆ ಬಂದದ್ದು ಏನು ಎಂದು ಕೇಳಬೇಕು. ಹೊಸ ಕಲ್ಲು ಹಳೆಯ ಕಲ್ಲಲ್ಲ. ಓಲೆಗರಿ ಜೀರ್ಣವಾದಾಗ ಲಿಪಿಕಾರ ಹೊಸ ಗರಿಯ ಮೇಲೆ ಪ್ರತಿ ಮಾಡುತ್ತಿದ್ದನಷ್ಟೆ. ಇಲ್ಲಿ ನಡೆದದ್ದೂ ಅದೇ ಬಗೆಯ ಕೆಲಸ. ಕಡತದಲ್ಲಿದ್ದ ಪಾಠವನ್ನು ನೋಡಿ ಹೊಸ ಕಲ್ಲಿನ ಮೇಲೆ ಕೆತ್ತಲಾಗಿದೆ. ಕಡತದ ಪಾಠವೂ ಮೂಲಪಾಠವಲ್ಲ. ಗಢವಾಲದ ಹಳ್ಳಿಯ ತಾಯಿ ಕರೆದ ಹೆಸರನ್ನು ಮೊದಲು ಸೇನೆಗೆ ಜನ ಸೇರಿಸುವ ಗುಮಾಸ್ತ ಇಂಗ್ಲಿಷಿಗೆ ಇಳಿಸಿದ. ಆಮೇಲೆ ಜರ್ಮನ್ ಶಿಬಿರದ ಬರಹಗಾರ ತನ್ನ ಕಿವಿಗೆ ಬಿದ್ದಂತೆ ಬರೆದ. ಕೊನೆಗೆ ಲಂಡನ್ನಿನ ಕಚೇರಿ ಎರಡನ್ನೂ ಹೊಂದಿಸಿತು. ಕಲ್ಲಿನ ಮೇಲಿನ ಹೆಸರು ಹೀಗೆ ಮೂರು ಕೈ ದಾಟಿದ ಪಾಠ. ಹೆಸರಿನ ಮೇಲ್ಗಡೆ ಧರ್ಮದ ಗುರುತಾಗಿ ಹಿಂದೂವಿಗೆ ನಾಗರಿಯಲ್ಲಿ, ಸಿಖ್ಖನಿಗೆ ಗುರುಮುಖಿಯಲ್ಲಿ, ಮುಸಲ್ಮಾನನಿಗೆ ಅರಬ್ಬಿಯಲ್ಲಿ ಒಂದೊಂದು ನಾಮೋಚ್ಚಾರವನ್ನು ಕೆತ್ತುವುದು ಆಯೋಗದ ಪದ್ಧತಿ. ದೇವರ ಹೆಸರು ಸ್ವಂತ ಲಿಪಿಯಲ್ಲಿ, ಮನುಷ್ಯನ ಹೆಸರು ಪರಕೀಯ ಲಿಪಿಯಲ್ಲಿ! ಇಷ್ಟಾದರೂ ಈ ಪಾಠವನ್ನು ಅಶುದ್ಧವೆಂದು ತಳ್ಳಿಹಾಕುವುದು ಗ್ರಂಥಸಂಪಾದನೆ ಬಲ್ಲವರ ರೀತಿಯಲ್ಲ. ಒಂದೇ ಪ್ರತಿ ಉಳಿದಿರುವ ಕಾವ್ಯಕ್ಕೆ ಆ ಪ್ರತಿಯೇ ಆಧಾರ.

ಆದರೆ ಈ ಸೆರೆಯಾಳುಗಳ ವಿಷಯದಲ್ಲಿ ಇನ್ನೊಂದು ಪ್ರತಿ ಇದೆ. ಅದು ಕಲ್ಲಿನಲ್ಲಿಲ್ಲ, ಧ್ವನಿಮುದ್ರಿಕೆಯಲ್ಲಿದೆ.

1915ರಲ್ಲಿ ಬರ್ಲಿನ್ನಿನಲ್ಲಿ ಪ್ರಷ್ಯದ ರಾಜಮನೆತನದ ಹೆಸರಿನಲ್ಲಿ ಒಂದು ಧ್ವನಿಮುದ್ರಣ ಆಯೋಗ ಹುಟ್ಟಿತು. ಮನಶ್ಶಾಸ್ತ್ರಜ್ಞ ಕಾರ್ಲ್ ಶ್ಟುಂಫ್ ಅದರ ಅಧ್ಯಕ್ಷರು. ವಿಲ್ಹೆಲ್ಮ್ ಡೇಗನ್ ಎಂಬ ಶಾಲಾ ಅಧ್ಯಾಪಕರು ಅದರ ಕಾರ್ಯದರ್ಶಿ. ಭೂಮಂಡಲದ ಭಾಷೆಗಳೆಲ್ಲ ಜರ್ಮನಿಯ ಸೆರೆಶಿಬಿರಗಳಿಗೆ ತಾವಾಗಿ ಬಂದು ಬಿದ್ದಿರುವಾಗ ವಿದ್ವಾಂಸರು ಹಡಗು ಹತ್ತಬೇಕಾದ ಅಗತ್ಯವೇನಿದೆ ಎಂಬುದು ಅವರ ಎಣಿಕೆ. 1918ರೊಳಗೆ 1,650 ಅರಗಿನ ತಟ್ಟೆಗಳು, ಸಾವಿರಕ್ಕೂ ಹೆಚ್ಚು ಮೇಣದ ಉರುಳೆಗಳು, ಸುಮಾರು 250 ಭಾಷೆ–ಉಪಭಾಷೆಗಳು ಸಂಗ್ರಹವಾದವು. ಭಾರತದ ಭಾಷೆಗಳ ಹೊಣೆ ಹೊತ್ತವರು ಸಂಸ್ಕೃತ ವಿದ್ವಾಂಸ ಹೈನ್‌ರಿಶ್ ಲ್ಯೂಡರ್ಸ್. ತುರ್ಫಾನಿನ ಮರಳಿನಲ್ಲಿ ಸಿಕ್ಕ ಸಂಸ್ಕೃತ ಹಸ್ತಪ್ರತಿಗಳ ಚೂರುಗಳನ್ನು ಜೋಡಿಸಿ ಓದಿದ ಅದೇ ಲ್ಯೂಡರ್ಸ್. ಜರ್ಮನ್ ವಿದೇಶಾಂಗ ಇಲಾಖೆಯ ಪ್ರಾಚ್ಯ ಮಾಹಿತಿ ಕಚೇರಿಯಲ್ಲಿ ಆಗ ದುಡಿಯುತ್ತಿದ್ದ ತರುಣರಲ್ಲಿ ಹೆಲ್ಮುತ್ ಫೊನ್ ಗ್ಲಾಸೆನಾಪ್ ಒಬ್ಬರು. ಹರ್ಮನ್ ಯಾಕೋಬಿಯವರ ಶಿಷ್ಯರಾಗಿ ಜೈನರ ಕರ್ಮಸಿದ್ಧಾಂತದ ಮೇಲೆ ಪ್ರೌಢಪ್ರಬಂಧ ಬರೆದು ಅವರಿಗೆ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಜೈನಧರ್ಮವನ್ನು ಕುರಿತ ಅವರ ಮಹಾಗ್ರಂಥ ಹೊರಬಂದದ್ದು 1925ರಲ್ಲಿ. ಅದೇ ವರ್ಷ ಡೇಗನ್ ಸಂಪಾದಿಸಿದ, ಸೆರೆಶಿಬಿರಗಳ ಜನಾಂಗಗಳನ್ನು ಕುರಿತ ಲೇಖನಸಂಪುಟವೂ ಹೊರಬಂತು. ಅದರಲ್ಲಿ ಗೂರ್ಖರ ಮೇಲೆ ಬರೆದವರು ಲ್ಯೂಡರ್ಸ್. ಭಾರತೀಯ ವಿದ್ಯೆಯ ಇತಿಹಾಸ ಬರೆಯುವವರು ಈ ಪುಟವನ್ನು ಮಡಿಸಿಟ್ಟು ಮುಂದೆ ಹೋಗುವುದು ರೂಢಿ. ಅಹಿಂಸೆಯ ಶಾಸ್ತ್ರವನ್ನು ಅರಿತ ವಿದ್ವತ್ತು, ಮುಳ್ಳುತಂತಿಯ ಬೇಲಿಯ ಇತ್ತಕಡೆ ಮೇಜು ಹಾಕಿಕೊಂಡು ಕುಳಿತಿದ್ದ ಕಾಲವದು.

ಮುದ್ರಣದ ಕ್ರಮ ಹೀಗಿತ್ತು: ಮಾತನ್ನು ಮೊದಲು ಬರೆದುಕೊಳ್ಳಬೇಕು, ಅಭ್ಯಾಸ ಮಾಡಿಸಬೇಕು, ಆಮೇಲೆ ಕೈದಿ ಕಹಳೆಯೊಳಗೆ ಒಂದೆರಡು ನಿಮಿಷ ಮಾತಾಡಬೇಕು. ಪ್ರತಿಯೊಬ್ಬನಿಗೂ ಒಂದು ಹಾಳೆ. ಹೆಸರು, ಹುಟ್ಟಿದ ಊರು, ಕಸುಬು, ಧರ್ಮ, ದನಿಯ ಗುಣ. ಕಥೆ ಹೇಳಿದವರುಂಟು, ಹಾಡಿದವರುಂಟು. ಗ್ರಿಯರ್ಸನ್ ತಮ್ಮ ಭಾರತೀಯ ಭಾಷಾ ಸಮೀಕ್ಷೆಗೆ ಮಾದರಿಯಾಗಿ ಬಳಸಿದ ಬೈಬಲ್ಲಿನ ದಾರಿತಪ್ಪಿದ ಮಗನ ಕಥೆ ಬರ್ಲಿನ್ನಿನ ದಾಖಲೆಗಳಲ್ಲಿಯೂ ಮತ್ತೆ ಮತ್ತೆ ಬರುತ್ತದೆ. ಮನೆಗೆ ಮರಳಿ ತಂದೆಯ ತೋಳು ಸೇರಿದವನ ಕಥೆಯನ್ನು, ಮನೆಗೆ ಮರಳುವ ದಾರಿ ಕಾಣದವರಿಂದ ವ್ಯಾಕರಣಕ್ಕಾಗಿ ಹೇಳಿಸಿದರು.

1916ರ ಡಿಸೆಂಬರ್ 11ರಂದು ಪಂಜಾಬಿನ ಮಲ್ಲ್ ಸಿಂಗ್ ಎಂಬಾತ ಆ ಕಹಳೆಯೆದುರು ನಿಂತ. ಅವನು ತನ್ನ ಬಗ್ಗೆ ಮಾತಾಡಿದ, ಆದರೆ ಉತ್ತಮಪುರುಷದಲ್ಲಿ ಅಲ್ಲ. ಒಬ್ಬ ಮನುಷ್ಯನಿದ್ದನೆಂದು ಅಜ್ಜಿಕಥೆಯ ಧಾಟಿಯಲ್ಲಿ ಶುರುಮಾಡಿದ. ಆ ಮನುಷ್ಯ ಹಿಂದುಸ್ತಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ. ಯೂರೋಪಿನ ಯುದ್ಧಕ್ಕೆ ಬಂದ. ಜರ್ಮನಿ ಅವನನ್ನು ಹಿಡಿಯಿತು. ಅವನಿಗೆ ಊರಿಗೆ ಹೋಗಬೇಕು. ಇನ್ನೆರಡು ವರ್ಷ ಇಲ್ಲೇ ಇರಬೇಕಾದರೆ ಸತ್ತೇಹೋಗುತ್ತಾನೆ. ದೇವರು ದಯೆತೋರಿ ಸಂಧಿಯಾದರೆ ಹೋದಾನು. ಇಷ್ಟೇ, ಒಂದು ನಿಮಿಷ ಚಿಲ್ಲರೆ. ಭಾಷಾಮಾದರಿ ಕೇಳಿದವರಿಗೆ ಅವನು ಮಾದರಿಯನ್ನೇ ಕೊಟ್ಟ. ಅದರೊಳಗೆ ತನ್ನ ದೂರನ್ನು ಅಡಗಿಸಿಟ್ಟ. ‘ನಾನು’ ಎಂದು ಹೇಳಿದ್ದರೆ ಅದು ಅರ್ಜಿಯಾಗುತ್ತಿತ್ತು, ಬಹುಶಃ ಮುದ್ರಣವಾಗುತ್ತಿರಲಿಲ್ಲ. ‘ಒಬ್ಬ ಮನುಷ್ಯ’ ಎಂದದ್ದರಿಂದ ಕಥೆಯಾಯಿತು, ತಟ್ಟೆಯ ಮೇಲೆ ಕೂತಿತು. ಕಥನಶಾಸ್ತ್ರದ ಪಾಠದಲ್ಲಿ ಪ್ರಥಮಪುರುಷ ನಿರೂಪಣೆಗೆ ಉದಾಹರಣೆ ಹುಡುಕುವ ಅಧ್ಯಾಪಕರು ಕಾದಂಬರಿಗಳನ್ನು ಬದಿಗಿಟ್ಟು ಒಮ್ಮೆ ಈ ದನಿಯನ್ನು ಕೇಳಿಸಬಹುದು. ಜರ್ಮನ್ ನಿರ್ದೇಶಕ ಫಿಲಿಪ್ ಷೆಫ್ನರ್ 2007ರಲ್ಲಿ ಮಾಡಿದ ‘ದ ಹಾಫ್‌ಮೂನ್ ಫೈಲ್ಸ್’ ಎಂಬ ಚಲನಚಿತ್ರ ಈ ದನಿಯ ಬೆನ್ನು ಹತ್ತಿ ಹೋದದ್ದು. ಉದ್ಯಾನದ ಕಲ್ಲುಗಳು ಮರಳಿ ನಿಂತ ಎರಡೇ ವರ್ಷಕ್ಕೆ ಅದು ಬಂತು.

ಹೀಗೆ ಒಂದೇ ಜನರ ನೆನಪು ಎರಡು ಕಡೆ ಒಡೆದು ಬಿದ್ದಿದೆ. ಕಾಡಿನಲ್ಲಿ ಹೆಸರುಗಳಿವೆ, ದನಿಯಿಲ್ಲ. ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿಭಂಡಾರದಲ್ಲಿ ದನಿಗಳಿವೆ, ಸಮಾಧಿಯಿಲ್ಲ. ಉದ್ಯಾನದ ಜೀರ್ಣೋದ್ಧಾರಕ್ಕೆ ಗುದ್ದಲಿ, ಕಲ್ಲು, ಹುಲ್ಲಿನ ಬೀಜ ಸಾಕಾದವು. ಇವೆರಡನ್ನು ಕೂಡಿಸುವುದಕ್ಕೆ ಬೇಕಾದದ್ದು ಪಂಜಾಬಿ, ನೇಪಾಳಿ, ಗಢವಾಲಿ, ಪಶ್ತೋ ಬಲ್ಲ ಓದುಗರು. 2008ರಿಂದ ಈ ಧ್ವನಿಮುದ್ರಿಕೆಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿಯೂ ಇವೆ. ಸಮಾಧಿಭೂಮಿಯ ಹೆಸರುಪಟ್ಟಿಯನ್ನು ಆಯೋಗ ಯಾರಿಗಾದರೂ ತೆರೆದಿಟ್ಟಿದೆ. ಇನ್ನೂರಾರು ಹೆಸರೆಂದರೆ ದೊಡ್ಡ ಪಟ್ಟಿಯಲ್ಲ, ಒಬ್ಬ ಸಂಶೋಧನ ವಿದ್ಯಾರ್ಥಿಯ ಒಂದು ಬೇಸಿಗೆ ರಜೆಯ ಕೆಲಸ. ಕೈಹಾಕುವವರು ಮೊದಲು ಕಾಗುಣಿತದ ಒಂದು ಸಂಗತಿಯನ್ನು ತಿಳಿದಿರಬೇಕು. ಜರ್ಮನ್ನರಿಗೆ ನಮ್ಮ ಜಕಾರವನ್ನು ಬರೆಯಲು ನಾಲ್ಕು ಅಕ್ಷರ ಬೇಕು, ಮೊದಲನೆಯದು ‘ಡಿ’. ಶಿಬಿರದ ಪತ್ರಿಕೆಯ ಹೆಸರಿನಲ್ಲಿ ‘ಜಿಹಾದ್’ ‘ಡ್ಶಿಹಾದ್’ ಆದದ್ದು ಹಾಗೆ. ಆದುದರಿಂದ ಕಲ್ಲಿನ ಮೇಲೆ ‘ಜೆ’ ಅಕ್ಷರದಲ್ಲಿ ಸಿಗುವ ಜಸವಂತನನ್ನು ಬರ್ಲಿನ್ನಿನ ಹಾಳೆಗಳಲ್ಲಿ ‘ಡಿ’ ಅಕ್ಷರದಡಿಯೂ ಹುಡುಕಬೇಕು.